ಒಂಬತ್ತು ಪಟಕ್ಕೆ ಒಂಬತ್ತು ಬಲ್ಬು

“ಒಂಬತ್ತಕ್ಕೂ ಇದೇ ಬಲ್ಬಾ ಮೇಷ್ಟ್ರೇ?”

ಏಣಿಯ ಮೇಲಿದ್ದ ಎಲೆಕ್ಟ್ರಿಷಿಯನ್ ಎರಡನೇ ಸಲ ಕೇಳಿದ. ಮೊದಲ ಸಲ ಕೇಳಿದಾಗ ನಾನು ಫೋನು ಹಿಡಿದು ಗೋಡೆಯ ಮೇಲೆ ಬೀಳುವ ಬೆಳಕನ್ನು ಅಳೆಯುತ್ತಿದ್ದೆ, ಉತ್ತರ ಕೊಟ್ಟಿರಲಿಲ್ಲ. ಈಗ ಕೊಟ್ಟೆ. “ಒಂಬತ್ತಕ್ಕೂ ಇದೇ. ಪಟದ ನೆತ್ತಿಯ ಮೇಲೆ ಒಂದೊಂದು. ಸಣ್ಣದು, ಹಳದಿ ಬೆಳಕಿನದು.”

“ಎರಡು ಟ್ಯೂಬ್ ಕೂರ್ಸ್‌ಬುಟ್ರೆ ಸಾಕಲ್ವಾ? ಪಟದ ಮೇಲೆ ಇಂಗೆ ಝೀರೋ ಬಲ್ಬು... ಯಾಕೋ ಸರಿ ಕಾಣಕಿಲ್ಲ ಕಣಿ.”

“ನಿಂಗೆ ಗ್ಯಾಲರಿ ಲೈಟಿಂಗ್ ಗೊತ್ತೇನಯ್ಯಾ?”

“ಗ್ಯಾಲರಿದು ಗೊತ್ತಿಲ್ಲ ಸಾ. ಮನೇದು ಗೊತ್ತು” ಅಂದ. ಇಕ್ಕಳ ಬಾಯಲ್ಲಿ ಕಚ್ಚಿಕೊಂಡು ವೈರು ಎಳೆಯತೊಡಗಿದ.

ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಬೆಂಗಳೂರಿನಲ್ಲಿ ಎರಡು ದಿನದ ಶಿಬಿರಕ್ಕೆ ಹೋಗಿ ಬೆಳಕಿನ ವಿಷಯ ಕಲಿತು ಬಂದವನು ನಾನು. ಇಡೀ ಜಿಲ್ಲೆಯಲ್ಲಿ ಬೆಳಕು ಅಳೆಯುವ ಲಕ್ಸ್ ಎಂದರೇನು ಅಂತ ಗೊತ್ತಿರುವ ಡ್ರಾಯಿಂಗ್ ಮೇಷ್ಟ್ರು ನಾನೊಬ್ಬನೇ ಎಂಬ ಜಂಬ ಬೇರೆ. ಗುಂಡ್ಲುಪೇಟೆಯಲ್ಲಿ ಮಿಕ್ಸಿ, ಮೋಟಾರು ರಿಪೇರಿ ಮಾಡುವವನ ಮಾತು ಆಗ ನನಗೆ ಯಾಕೆ ಬೇಕಿತ್ತು?

ನಮ್ಮ ಗ್ಯಾಲರಿ ಎಂದರೆ ಚಾಮರಾಜನಗರದ ಮಾರುಕಟ್ಟೆಯ ಹಿಂಬದಿಯಲ್ಲಿರುವ ಹಳೆಯ ಅರಿಶಿನದ ಗೋಡೌನು. ವ್ಯಾಪಾರ ಬೇರೆ ಕಡೆಗೆ ಹೋಗಿ ಅದು ಖಾಲಿ ಬಿದ್ದಿತ್ತು. ನಾವು ನಾಲ್ಕು ಜನ ಮೇಷ್ಟ್ರುಗಳು ಸೇರಿ ಸುಣ್ಣ ಹೊಡೆಸಿ ಗೋಡೆಗೆ ಕಂಬಿ ಬಡಿಸಿದ್ದೆವು. ಎಷ್ಟು ಸುಣ್ಣ ಹೊಡೆದರೂ ಒಳಗಿನ ಅರಿಶಿನದ ವಾಸನೆ ಹೋಗಿಲ್ಲ. ಮುಂದೆ ಸಿಮೆಂಟಿನ ಕಣ, ಮೊದಲು ಬೇಯಿಸಿದ ಅರಿಶಿನ ಒಣಹಾಕುತ್ತಿದ್ದ ಜಾಗ. ಈಗ ಅಲ್ಲಿ ನೋಡಲು ಬಂದವರು ಬೈಕು ನಿಲ್ಲಿಸುತ್ತಾರೆ.

ಈ ಪ್ರದರ್ಶನದ ಕಲಾವಿದೆ ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಭೀಮನಬೀಡಿನ ಹುಡುಗಿ. ಮೈಸೂರಿನಲ್ಲಿ ಚಿತ್ರಕಲೆ ಓದಿ, ಕೊನೆಗೆ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಪಹಣಿ ಟೈಪು ಮಾಡುವ ಕೆಲಸಕ್ಕೆ ಸೇರಿದ್ದಳು. ಎರಡು ವರ್ಷ ಭಾನುವಾರಗಳಲ್ಲಿ ಕೂತು, ತನ್ನೂರಿನಿಂದ ಚೆಂಡುಹೂವಿನ ಹೊಲಕ್ಕೂ ಅರಿಶಿನದ ಹೊಲಕ್ಕೂ ಕೂಲಿಗೆ ಹೋಗುವ ಒಂಬತ್ತು ಹೆಂಗಸರ ಮುಖ ಬರೆದಿದ್ದಳು. ಒಂಬತ್ತರಲ್ಲಿ ಒಂದು ಅವಳ ಅವ್ವನದೇ.

ಬರೆದ ರೀತಿ ಹೇಳಬೇಕು, ಯಾಕೆಂದರೆ ಮುಂದಿನ ಕಷ್ಟವೆಲ್ಲ ಅದರಲ್ಲೇ ಇದೆ. ಅಂಗಡಿಯ ಕ್ಯಾನ್ವಾಸು, ಟ್ಯೂಬಿನ ಬಣ್ಣ ಅವಳು ಮುಟ್ಟಲಿಲ್ಲ. ಹಳೆಯ ಪಂಚೆಗಳನ್ನು ಪಟಿಕದ ನೀರಲ್ಲಿ ನೆನೆಸಿ, ಅರಿಶಿನ ಕುದಿಸಿದ ಹಂಡೆಯಲ್ಲಿ ಅದ್ದಿ ತೆಗೆದು, ನೆರಳಲ್ಲಿ ಒಣಗಿಸಿದಳು. ಆ ಹಳದಿಯ ಮೇಲೆ ದೀಪದ ಮಸಿಯಿಂದ ಮುಖ. ಅರಿಶಿನಕ್ಕೆ ಸುಣ್ಣ ತಾಗಿಸಿದರೆ ಬರುತ್ತದಲ್ಲ, ಆ ಕೆಂಪಿನಲ್ಲಿ ಕುಂಕುಮ, ಸೀರೆಯ ಅಂಚು. ಎದುರು ನಿಂತರೆ ಹಳದಿ ಕಣ್ಣಿಗೆ ಹೊಡೆಯುತ್ತಿತ್ತು. ನನ್ನ ಶಿಷ್ಯೆ ಎಂದು ಹೇಳುತ್ತಿಲ್ಲ, ಅಂಥ ಹಳದಿ ನಾನು ಬೇರೆಲ್ಲೂ ನೋಡಿಲ್ಲ.

ಆದರೆ ಅರಿಶಿನದ ಗುಣ ನಮ್ಮ ಕಡೆ ಬಟ್ಟೆ ಒಗೆಯುವ ಯಾರಿಗೂ ಗೊತ್ತು. ಸೋಪಿಗೆ ಹೋಗದ ಕಲೆ ಬಿಸಿಲಿಗೆ ಹೋಗುತ್ತದೆ. ಹಾಗಾಗಿ ನಾನು ಕಿಟಕಿಗಳಿಗೆ ಕಪ್ಪು ಬಟ್ಟೆ ಹೊಡೆಸಿದೆ, ಶಟರು ಅರ್ಧ ಇಳಿಸಿದೆ. ಇಂಥ ಬಣ್ಣದ ಮೇಲೆ ಬೆಳಕು ಐವತ್ತು ಲಕ್ಸ್ ದಾಟಬಾರದು ಎಂದು ಶಿಬಿರದಲ್ಲಿ ಬರೆದುಕೊಂಡಿದ್ದೆ. ಅದಕ್ಕೇ ಒಂಬತ್ತು ಸಣ್ಣ ಬಲ್ಬು.

ಇಷ್ಟು ಜೋಪಾನಕ್ಕೆ ಇನ್ನೊಂದು ಕಾರಣವಿತ್ತು. ಕಲ್ಲಿಕೋಟೆಯ ಒಂದು ಗ್ಯಾಲರಿಯವರು ಫೋನಿನಲ್ಲಿ ಈ ಪಟಗಳ ಫೋಟೋ ನೋಡಿ, ಆ ಹಳದಿಯನ್ನು ಕಣ್ಣಾರೆ ನೋಡಬೇಕು ಎಂದಿದ್ದರು. ಒಪ್ಪಿಗೆಯಾದರೆ ಒಂದು ವರ್ಷ ಅವಳಿಗೆ ಅಲ್ಲಿ ಇರಲು ಮನೆ, ಬರೆಯಲು ಜಾಗ, ಕೊನೆಗೊಂದು ದೊಡ್ಡ ಪ್ರದರ್ಶನ. ಉದ್ಘಾಟನೆ ಭಾನುವಾರ. ಅವರು ಬರುವುದು ಮುಂದಿನ ಶನಿವಾರ. ಅಲ್ಲಿಯವರೆಗೆ ಹಳದಿ ಉಳಿಯಬೇಕು, ಅಷ್ಟೇ.

ಪಟ ನೇತುಹಾಕುವಾಗ ಅವಳು ಒಂದೇ ಮಾತು ಕೇಳಿದ್ದಳು. ಒಂಬತ್ತರಲ್ಲಿ ಒಬ್ಬ ಅಜ್ಜಿ ಎರಡು ತಿಂಗಳ ಹಿಂದೆ ತೀರಿಕೊಂಡಿದ್ದರು. “ಅಜ್ಜೀನ ಬೇರೆ ಥರ ತೋರಿಸೋದು ಬೇಡ ಸಾರ್. ಎಲ್ಲರ ಜೊತೆ ಹೊಲದಲ್ಲಿ ಇದ್ದಂಗೇ ಇರಲಿ.” ಇರಲಿ ಎಂದೆ. ಒಂಬತ್ತನ್ನೂ ಒಂದೇ ಎತ್ತರಕ್ಕೆ, ಒಂದೇ ಅಂತರಕ್ಕೆ, ಒಂದೇ ಬೆಳಕಿನಲ್ಲಿ ಹಾಕಿದೆ. ಬಲ್ಬು ಹೊತ್ತಿಸಿದಾಗ ಅವಳು ಬಾಗಿಲಲ್ಲಿ ನಿಂತು ತುಂಬ ಹೊತ್ತು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. “ಹೇಗಿದೆ?” ಎಂದು ನಾನೇ ಮೇಲೆ ಬಿದ್ದು ಕೇಳಿದೆ. “ನೀವು ಮಾಡಿದ ಮೇಲೆ ಸರಿಯಾಗೇ ಇರ್ತದೆ ಸಾರ್” ಅಂದಳು. ಅಂದು ಸಂಜೆ ಸ್ಥಳೀಯ ಪತ್ರಿಕೆಯವರೊಬ್ಬರು ಬಂದು ಫೋಟೋ ತೆಗೆದುಕೊಂಡು ಹೋದರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೆಂಗಸರು ಬಂದರು. ದಿನಾ ಹೊಲಕ್ಕೆ ಕರೆದೊಯ್ಯುವ ಅದೇ ಟೆಂಪೋ, ಆದರೆ ಮದುವೆಗೆ ಉಡುವ ಸೀರೆಗಳು. ಎಂಟು ಜನ, ಜೊತೆಗೆ ತೀರಿಕೊಂಡ ಅಜ್ಜಿಯ ಸೊಸೆ. ಬೇಡ ಎಂದರೂ ಕೇಳದೆ ಚಪ್ಪಲಿ ಹೊರಗೆ ಬಿಟ್ಟು, ಬಗ್ಗಿ ಶಟರಿನಡಿ ನುಸುಳಿ ಒಳಗೆ ಹೋದರು.

ಕಣದಲ್ಲಿದ್ದಷ್ಟು ಹೊತ್ತೂ ಕಿಲಕಿಲ ನಗುತ್ತಿದ್ದವರು ಒಳಗೆ ಹೋದವರೇ ಮೌನವಾದರು. ಕಲೆಯ ಮುಂದೆ ಮೂಕರಾಗಿದ್ದಾರೆ ಎಂದು ನಾನು ಉಬ್ಬಿಹೋದೆ. ಆಮೇಲೆ ನೋಡಿದರೆ ಕಲಾವಿದೆಯ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಪಕ್ಕದವರು ತಮ್ಮ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು. ತಾಳಿ ಹಿಡಿದ ಇವರ ಮಗಳ ಮದುವೆ ಮುಂದಿನ ತಿಂಗಳು, ಬೇಗೂರಿನ ಕಡೆ ಗಂಡು. ಆ ಹೊತ್ತಿಗೆ ಸರಿಯಾಗಿ ಇವರ ಫೋನು ಬಡಿದುಕೊಂಡಿತು. ಇವರು ಮಾತಾಡುವುದೇ ಸ್ಪೀಕರ್ ಹಾಕಿಕೊಂಡು, ಹಾಗಾಗಿ ನಮಗೆಲ್ಲ ಕೇಳಿಸಿತು.

“ಯಾರವ್ವಾ ಮಾತಾಡ್ತಿರದು?” ಆ ಕಡೆಯಿಂದ ಅಳು. ತಾಳವಾಡಿಯಲ್ಲಿರುವ ಇವರ ಅಕ್ಕ. “ನಮ್ ತಂಗಿ ಯಾವಾಗವ್ವಾ ಓಗ್ಬುಟ್ಲು? ಒಂದ್ ಮಾತು ಏಳ್ಬಾರ್ದಾಗಿತ್ತಾ ನಮ್ಗೆ?”

“ನಾನೇ ಕಣಕ್ಕಾ” ಅಂದರು ಇವರು.

ಆ ಕಡೆ ಅಳು ಇನ್ನೂ ಜೋರಾಯಿತು. “ಫೋನಲ್ಲಿ ಬಂತಲ್ಲೇ ನಿನ್ ಪಟ, ದೀಪ ಅಚ್ಚಿ ಮಡ್ಗವ್ರೆ! ನಿನ್ ಬೀಗ್ರು ಮನೆಯಿಂದ್ಲೂ ಕೇಳುದ್ರು. ನಾನು ಬಸ್ ಅತ್ಬುಟ್ಟೀನಿ!”

ಪತ್ರಿಕೆಯವರು ತೆಗೆದ ಫೋಟೋ ಫೋನಿನಿಂದ ಫೋನಿಗೆ ಹೋಗಿತ್ತು. ಆಗ ಹೊಳೆಯಿತು ನನಗೆ. ನಮ್ಮ ಕಡೆ ಯಾರ ಮನೆಗೆ ಹೋದರೂ ನಡುಮನೆಯ ಕತ್ತಲಲ್ಲಿ ತೀರಿಹೋದವರ ಪಟ ಇರುತ್ತದೆ, ಅದರ ನೆತ್ತಿಯ ಮೇಲೆ ಒಂದು ಝೀರೋ ಬಲ್ಬು ಉರಿಯುತ್ತಿರುತ್ತದೆ. ಬದುಕಿರುವವರ ಪಟಕ್ಕೆ ಯಾರೂ ಹಾಗೆ ಬಲ್ಬು ಹಾಕುವುದಿಲ್ಲ. ಒಬ್ಬ ಅಜ್ಜಿಯನ್ನು ಉಳಿದವರ ಥರ ಇಡಲು ಹೋಗಿ, ಉಳಿದ ಎಂಟು ಜನರನ್ನು ಅಜ್ಜಿಯ ಥರ ಮಾಡಿದ್ದೆ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎನ್ನುತ್ತಾರಲ್ಲ, ಅದಕ್ಕಿಂತ ಕೆಟ್ಟದ್ದು.

ಮದುವೆ ಹೆಣ್ಣಿನ ತಾಯಿ ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಲಾವಿದೆಯ ಕಡೆ ತಿರುಗಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಎರಡೊರ್ಸ ನಿನ್ ಮುಂದೆ ಕೂತಿದ್ದೀವಿ ಕಣಮ್ಮಿ. ಕೆಲ್ಸದಿಂದ ಬಂದು, ಸೊಂಟ ನೋಯ್ತಿದ್ರೂ ಕೂತಿದ್ದೀವಿ. ಬದುಕಿರೋರ್ಗೆ ದೀಪ ಅಚ್ಚು ಅಂತ ಯಾರ್ ಏಳುದ್ರು ನಿಂಗೆ?”

ಅವಳು ನನ್ನ ಕಡೆ ಒಂದು ಸಲ ನೋಡಿದಳು. ಆ ನೋಟದಲ್ಲಿ ದೂರಿರಲಿಲ್ಲ. ನನಗೆ ಸಮಯ ಕೊಟ್ಟಳು ಅಂತ ಈಗ ಅನ್ನಿಸುತ್ತದೆ. ನಾನು ಬಾಯಿ ಬಿಡಲಿಲ್ಲ.

“ಯಾರೂ ಹೇಳ್ಲಿಲ್ಲ ಚಿಕ್ಕವ್ವ. ನಾನೇ ಹಾಕ್ಸಿದ್ದು” ಅಂದಳು.

ಅವಳ ಅವ್ವ ಮುಂದೆ ಬಂದು ಮಗಳ ಕೆನ್ನೆಗೆ ಒಂದು ಬಿಗಿದರು. ಎಲ್ಲರೆದುರಿಗೆ, ಕೆಲಸಕ್ಕೆ ಹೋಗುವ ಮಗಳಿಗೆ. ಗೋಡೌನಿನಲ್ಲಿ ಆ ಸದ್ದು ದೊಡ್ಡದಾಗಿ ಕೇಳಿಸಿತು. ಎಲೆಕ್ಟ್ರಿಷಿಯನ್ ಮೂಲೆಯಲ್ಲೇ ಇದ್ದ. ಅವನೂ ನನ್ನನ್ನು ನೋಡಿದ, ಆಮೇಲೆ ಹೋಗಿ ಸ್ವಿಚ್ಚು ಆರಿಸಿದ.

ಒಳಗೆ ಅರೆಗತ್ತಲಾಯಿತು. ನನಗೆ ಬಾಯಿ ಬಂದದ್ದು ಆಗ. ಟ್ಯೂಬ್‌ಲೈಟ್ ಹಾಕಿಸುತ್ತೇನೆ, ಒಂದು ಗಂಟೆಯ ಕೆಲಸ, ಎಂದೆಲ್ಲ ಬಡಬಡಿಸಿದೆ. ಹಿರಿಯ ಹೆಂಗಸೊಬ್ಬರು ಕೈ ಅಡ್ಡ ಹಿಡಿದು ತಡೆದರು. “ಯಾವ್ ಕರೆಂಟೂ ಬೇಡಿ ಬುದ್ದಿ. ಸತ್ತೋರ್ ಪಟ ಕತ್ಲಲ್ಲಿರ್ತದೆ. ನಾವು ಉಟ್ದಾಗ್ಲಿಂದ ಬಿಸ್ಲಲ್ಲಿರೋರು, ನಮ್ಮುನ್ನ ಬಿಸ್ಲಲ್ಲೇ ಮಡ್ಗಿ. ಅವ್ರಕ್ಕ ಬಂದು ನೋಡ್ಲಿ, ಬೀಗ್ರೂ ಬಂದು ನೋಡ್ಲಿ. ನಾವೂ ಪಟದ ಪಕ್ಕ ನಿಂತ್ಕತೀವಿ.”

ನಾನು ಕಲಾವಿದೆಯನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋದೆ. “ಇದು ಏಪ್ರಿಲ್ ಬಿಸಿಲು. ಮೂರು ದಿನ, ಹೆಚ್ಚೆಂದರೆ ನಾಲ್ಕು ದಿನ. ಶನಿವಾರಕ್ಕೆ ಏನೂ ಉಳಿಯಲ್ಲ. ಟ್ಯೂಬ್‌ಲೈಟಿಗೆ ಒಪ್ಪಿಸೋಣ ಕಣಮ್ಮ, ನಾನು ಮಾತಾಡ್ತೀನಿ.”

“ಏನಂತ ಮಾತಾಡ್ತೀರಾ ಸಾರ್?” ಅಂದಳು. ಕೆನ್ನೆಯ ಮೇಲೆ ಬೆರಳಿನ ಗುರುತು ಎದ್ದಿತ್ತು.

ಕಲ್ಲಿಕೋಟೆಗೆ ಫೋನು ಮಾಡಿದೆ. ನಾಳೆಯೇ ಬರಲಾಗುತ್ತದೆಯೇ ಎಂದೆ. ಅವರು ಊರಿನಲ್ಲಿರಲಿಲ್ಲ, ಶುಕ್ರವಾರ ವಾಪಸು ಬರುವುದು. ನಾನು ಫೋನು ಇಡುವ ಹೊತ್ತಿಗೆ ಅವಳು ಶಟರನ್ನು ಪೂರ್ತಿ ಎತ್ತಿ, ಮೊದಲ ಪಟವನ್ನು ಕಂಬಿಯಿಂದ ಬಿಚ್ಚಿ ಆಗಿತ್ತು. ಅವ್ವನ ಪಟ.

ಕಣದ ಸುತ್ತಲಿನ ಗೋಡೆಗೆ ಮೊಳೆ ಹೊಡೆದು, ಹಗ್ಗ ಎಳೆದು, ಬಟ್ಟೆ ಒಣಹಾಕುವ ಕ್ಲಿಪ್ಪುಗಳಲ್ಲಿ ಸಿಕ್ಕಿಸಿದೆವು. ಎಂಟೇ ಪಟ. ಒಂಬತ್ತನೆಯದು ಒಳಗೇ ಉಳಿಯಿತು. ಅಜ್ಜಿಯ ಸೊಸೆ ಅದರ ಮುಂದಿನಿಂದ ಕದಲಿರಲಿಲ್ಲ.

“ಅವ್ರ್‌ಗಳ್ದು ತಗೀರಿ, ನಮ್ಮತ್ತೇ ಬಲ್ಬ್ ತಗೀಬೇಡಿ” ಎಂದು ಎಲೆಕ್ಟ್ರಿಷಿಯನ್‌ಗೆ ಹೇಳುತ್ತಿದ್ದರು. ಆಮೇಲೆ ಕಲಾವಿದೆಯ ಕಡೆ ತಿರುಗಿದರು. “ಆಧಾರ್ ಕಾರ್ಡ್ ಬುಟ್ರೆ ಒಂದ್ ಫೋಟಾ ಇಲ್ಲ ನಮ್ಮನೇಲಿ. ಇದು ನಮ್ಮತ್ತೆ ಇದ್ದಂಗೇ ಅದೆ. ನಮ್ಗೆ ಕೊಟ್ಬುಡವ್ವಾ.”

ಕಲಾವಿದೆ ಹೂಂ ಅಂದಳು. ಎಲೆಕ್ಟ್ರಿಷಿಯನ್ ಹೋಲ್ಡರು, ವೈರು, ಬಲ್ಬು ಎಲ್ಲ ಬಿಚ್ಚಿ ಒಂದು ಕವರಿಗೆ ಹಾಕಿ ಪಟದ ಜೊತೆಗೆ ಕೊಟ್ಟ. ನಾನು ಕೇಳದಿದ್ದರೂ “ಇದೊಂದು ಕರೆಕ್ಟಾಗಿತ್ತು ಸಾ” ಅಂದ.

ಮಧ್ಯಾಹ್ನ ತಾಳವಾಡಿಯ ಅಕ್ಕ ಬಂದರು. ಗೇಟಿನಲ್ಲಿ ತಂಗಿಯನ್ನು ಕಂಡವರೇ ತಬ್ಬಿಕೊಂಡು ಅತ್ತರು, ಆಮೇಲೆ ಇನ್ನೂ ಬದುಕಿದ್ದೀಯಲ್ಲೇ ಎಂದು ಬೆನ್ನಿಗೆ ಗುದ್ದಿದರು. ಬೇಗೂರಿನಿಂದ ಗಂಡಿನ ಚಿಕ್ಕಪ್ಪ ಬಂದು, ಪಟ ನೋಡಿ, ಪಕ್ಕದಲ್ಲಿ ನಿಂತವರನ್ನು ನೋಡಿ, ಕಾಫಿ ಕುಡಿದು ಹೋದರು. ಮದುವೆಗೆ ತೊಂದರೆಯಿಲ್ಲ ಎಂದು ಗೊತ್ತಾದಾಗ ನನಗೂ ಜೀವ ಬಂತು. ಆದರೆ ಟೆಂಪೋ ಹೊರಡುವಾಗ ಕಲಾವಿದೆಯ ಅವ್ವ ಮಗಳ ಜೊತೆ ಒಂದು ಮಾತೂ ಆಡಲಿಲ್ಲ. ಅವಳು ಬಸ್ಸಿನಲ್ಲಿ ಹೋದಳು.

ನೋಡಲು ಬಂದವರು ಹೋದ ಮೇಲೂ ಪಟಗಳನ್ನು ಒಳಗೆ ತರಲು ಅವಳು ಒಪ್ಪಲಿಲ್ಲ. ಆ ವಾರ ನಾನು ದಿನಾ ಶಾಲೆ ಬಿಟ್ಟಕೂಡಲೇ ಹೋಗಿ ಒಂದೊಂದು ಕ್ಲಿಪ್ಪು ಎತ್ತಿ ನೋಡುತ್ತಿದ್ದೆ. ಕ್ಲಿಪ್ಪಿನ ಅಡಿಯಲ್ಲಿ ಮಾತ್ರ ಮೊದಲಿನ ಹಳದಿ, ಎರಡು ಬೆರಳಗಲ. ಸೋಮವಾರ ಉಳಿದ ಬಟ್ಟೆ ನಿಂಬೆಹಣ್ಣಿನ ಬಣ್ಣಕ್ಕೆ ಬಂದಿತ್ತು. ಬುಧವಾರ ಹಳೆ ಕಾಗದದ ಬಣ್ಣ. ಸುಣ್ಣದ ಕೆಂಪು ಕೂಡ ಕಂದಿ ಕುಂಕುಮಗಳೆಲ್ಲ ಮಾಸಿದವು. ಗುರುವಾರ ಸಂಜೆ ಅವಳು ಕಚೇರಿಯಿಂದ ಬಂದು ಒಂದು ಸುತ್ತು ಹಾಕಿದಳು. ಬೇಜಾರಾಯಿತೇ ಎಂದೆ. “ಆಗದೇ ಇರ್ತದಾ ಸಾರ್? ಎರಡು ವರ್ಷ” ಅಂದಳು. ಕ್ಲಿಪ್ಪಿನಡಿಯ ಹಳದಿ ಮುಟ್ಟಿ ನೋಡಿ, ಮತ್ತೆ ಕ್ಲಿಪ್ಪು ಹಾಕಿದಳು.

ಶನಿವಾರ ಕಲ್ಲಿಕೋಟೆಯವರು ಬಂದರು. ಒಳ್ಳೆಯ ಮನುಷ್ಯ. ಮುರುಕು ಕನ್ನಡದಲ್ಲಿ “ಹಳದಿ ಎಲ್ಲಿ ಹೋಯ್ತು ಮಾಷೇ?” ಎಂದು ನನ್ನನ್ನು ಕೇಳಿದರು. ನಡೆದದ್ದು ಹೇಳಿದೆ. ಎಲ್ಲವನ್ನೂ ಹೇಳಿದೆ, ಬಲ್ಬು ಯಾರ ಯೋಚನೆ ಎಂಬುದೊಂದನ್ನು ಬಿಟ್ಟು. ಒಂಬತ್ತನೆಯದನ್ನಾದರೂ ನೋಡಬೇಕು ಎಂದರು. ಅವಳನ್ನೂ ಕರೆದುಕೊಂಡು ಅವರ ಕಾರಿನಲ್ಲೇ ಮೂವರೂ ಭೀಮನಬೀಡಿಗೆ ಹೋದೆವು.

ಅಜ್ಜಿಯ ಮನೆಯಲ್ಲಿ ನಡುಮನೆಗೆ ಕಿಟಕಿಯಿಲ್ಲ. ಗೋಡೆಯ ಮೇಲೆ ಪಟ, ನೆತ್ತಿಗೆ ಅದೇ ಬಲ್ಬು, ಒಂದೆಳೆ ಚೆಂಡುಹೂವಿನ ಹಾರ. ಹಳದಿ ಹಾಗೇ ಇತ್ತು, ಎರಡು ವರ್ಷದ ಕೆಲಸದಲ್ಲಿ ಅದೊಂದೇ ಹಾಗೆ ಉಳಿದಿದ್ದು. ಕಲ್ಲಿಕೋಟೆಯವರು ಕೈಕಟ್ಟಿಕೊಂಡು ಬಹಳ ಹೊತ್ತು ನಿಂತರು. ಹೊರಗೆ ಬಂದು ಅವಳಿಗೆ ಹೇಳಿದರು, “ಇದೇ ಬೇಕು. ಇಂಥದ್ದೇ ಎಂಟು ಮತ್ತೆ ಮಾಡಿ. ಕತ್ತಲೆ ರೂಮು, ಒಂದೊಂದಕ್ಕೆ ಒಂದೊಂದು ಸಣ್ಣ ಲೈಟು. ಅಲ್ಲಿ ಇವರನ್ನು ಯಾರಿಗೂ ಗೊತ್ತಿಲ್ಲವಲ್ಲ.”

ನಾನಾಗಿದ್ದರೆ ಒಪ್ಪುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಒಪ್ಪಿಕೋ ಎಂದು ಹಿಂದಿನಿಂದ ಅವಳ ಮೊಣಕೈಯನ್ನೂ ತಟ್ಟಿದೆ.

“ಲೈಟಿಲ್ಲದೆ ಆಗುತ್ತಾ ಸರ್?” ಅಂದಳು ಅವಳು. ಅದೇ ಇದರ ಜೀವ ಎಂದರು ಅವರು. “ಹಂಗಾದ್ರೆ ಬೇಡ ಸರ್. ಅವರೆಲ್ಲ ಇನ್ನೂ ಇದ್ದಾರೆ” ಅಂದಳು. ಅವರು ಒತ್ತಾಯ ಮಾಡಲಿಲ್ಲ, ಕೈಮುಗಿದು ಕಾರು ಹತ್ತಿದರು. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದು ಅವತ್ತು. ಸೋಮವಾರ ಅವಳು ಪಹಣಿ ಟೈಪು ಮಾಡಲು ಹೋದಳು.

ಪ್ರದರ್ಶನ ಮುಗಿದ ಮೇಲೆ ಎಂಟು ಪಟಗಳನ್ನು ಸುರುಳಿ ಸುತ್ತಿಕೊಂಡು ನಾನೊಬ್ಬನೇ ಭೀಮನಬೀಡಿಗೆ ಹೋದೆ. ಅವಳು ಕಚೇರಿಯಲ್ಲಿರುವ ಹೊತ್ತು ನೋಡಿಯೇ ಹೋದೆ. ಹೆಂಗಸರು ಚೆಂಡುಹೂವಿನ ಹೊಲದಿಂದ ವಾಪಸು ಬಂದು ಜಗಲಿಯ ಮೇಲೆ ಕಾಲು ನೀಡಿಕೊಂಡು ಕೂತಿದ್ದರು. ಅವಳ ಅವ್ವನೂ ಇದ್ದರು. ಕೊಟ್ಟ ನೀರು ಕುಡಿದು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಹೇಳಿದೆ.

“ಬಲ್ಬು ಹಾಕಿಸಿದ್ದು ನಿಮ್ಮ ಮಗಳಲ್ಲ ತಾಯಿ. ನಾನು. ಎಲೆಕ್ಟ್ರಿಷಿಯನ್ ಬೇಡ ಅಂದಿದ್ದ, ನಾನೇ ಬಾಯಿ ಮುಚ್ಚಿಸಿದೆ. ಅವಳು ನನ್ನ ಮರ್ಯಾದೆ ಉಳಿಸೋಕೆ ಹಾಗೆ ಹೇಳಿದಳು.”

ಯಾರಿಗೂ ಆಶ್ಚರ್ಯವಾಗಲಿಲ್ಲ. ಅವ್ವ ತಮ್ಮ ಪಟದ ಸುರುಳಿ ಬಿಚ್ಚಿ ತೊಡೆಯ ಮೇಲೆ ಹರಡಿಕೊಂಡರು. ಮಾಸಿದ ಬಿಳಿ ಬಟ್ಟೆಯ ಮೇಲೆ ಮಸಿಯ ಮುಖ ಮಾತ್ರ ಇತ್ತು, ಮೇಲಂಚಿನಲ್ಲಿ ಎರಡು ಹಳದಿ ಕ್ಲಿಪ್ಪಿನ ಗುರುತು.

“ಗೊತ್ತಿತ್ತು ಮೇಷ್ಟ್ರೇ. ಒಡ್ದಾಗ್ಲೇ ಗೊತ್ತಿತ್ತು. ನಮ್ ಮನೇಲಿ ಉಟ್ಟಿದ ಎಣ್ಮಗ ಅಂಗೆ ಬಲ್ಬ್ ಆಕಕಿಲ್ಲ” ಅಂದರು.

“ಮತ್ತೆ ಯಾಕೆ ಹೊಡೆದಿರಿ?”

“ನಿಮ್ಗೆ ಒಡಿಯಕಾಯ್ತದಾ?”

ಪಕ್ಕದವರು ಯಾರೋ ನಕ್ಕರು. ಅವ್ವ ನಗಲಿಲ್ಲ. ಬೆರಳಿನಿಂದ ಆ ಹಳದಿ ಗುರುತು ಸವರುತ್ತ, ನಿಜವಾಗಿಯೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದರು. “ಅಲ್ಲ ಮೇಷ್ಟ್ರೇ, ನಿಮ್ಮನೇಲಿ ಯಾರ್ ಪಟಕ್ಕೂ ಬಲ್ಬ್ ಇಲ್ವಾ?”

“ಇದೆ” ಎಂದೆ. “ನಮ್ಮಮ್ಮನದಕ್ಕೆ.”

“ಯಾರ್ ಅಚ್ಚದು?”

“ನಾನೇ. ದಿನಾ ಸಂಜೆ.”

“ಮತ್ತೆ?” ಅಂದರು ಅವರು.